ಎಂಟು ದಿನ ಮೇಸ್ತ್ರಿಯದು, ಒಂಬತ್ತು ದಿನ ಯಾರದು?

ಮಾರ್ಚ್ ಹದಿನೇಳರ ಬೆಳಿಗ್ಗೆ ಒಂಬತ್ತೂಕಾಲಿಗೆ ಆಸ್ಪತ್ರೆಯ ವಾಹನಗಳ ವರ್ಕ್‌ಶಾಪಿನ ಗೇಟಿಗೆ ಒಂದು ನೋಟಿಸು ಅಂಟಿಸಲಾಯಿತು. ರೋಗಿಗಳನ್ನು ಸಾಗಿಸುವ ನಾಲ್ಕನೇ ವ್ಯಾನಿನ ಮುಂದಿನ ಎಡಚಕ್ರ ಓಡುತ್ತಿರುವಾಗಲೇ ಕಳಚಿಹೋಗಲು ಹಿರಿಯ ಮೆಕ್ಯಾನಿಕ್‌ನ ನಿರ್ಲಕ್ಷ್ಯವೇ ಏಕೈಕ ಕಾರಣವೆಂದೂ, ಮುಂದಿನ ಆದೇಶದವರೆಗೆ ಆತ ಗೇಟಿನೊಳಗೆ ಕಾಲಿಡಕೂಡದೆಂದೂ ಅದರಲ್ಲಿ ಬರೆದಿತ್ತು. ಆ ಗೇಟಿನ ಬೀಗದ ಕೈ ಇಪ್ಪತ್ತೊಂಬತ್ತು ವರ್ಷ ಆ ಮೆಕ್ಯಾನಿಕ್‌ನ ಬಳಿಯೇ ಇದ್ದದ್ದು. ನಿವೃತ್ತಿಗೆ ಉಳಿದದ್ದು ಹನ್ನೊಂದು ತಿಂಗಳು. ಅವರು ನೋಟಿಸನ್ನು ಮೂರು ಸಲ ಓದಿದರು. ಮೂರು ಸಲವೂ ಅವರ ಕಣ್ಣು ನಿಂತದ್ದು ‘ಏಕೈಕ’ ಎಂಬ ಪದದ ಮೇಲೆ.

ವರ್ಕ್‌ಶಾಪಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಲೋಟ ಮೇಸ್ತ್ರಿ ಎಂದು. ಯಾವ ವಾಹನ ಬರಲಿ, ಎಂಜಿನ್ ನಡೆಯುತ್ತಿರುವಾಗ ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ನೀರು ತುಂಬಿದ ಸ್ಟೀಲ್ ಲೋಟವೊಂದನ್ನು ಇಟ್ಟು, ಕೈಕಟ್ಟಿ ನೋಡುತ್ತಾ ನಿಲ್ಲುವುದು ಅವರ ಪದ್ಧತಿ. ನೀರಿನ ಮೇಲೆ ಸಣ್ಣ ಉಂಗುರಗಳೆದ್ದರೆ ಒಂದು ಅರ್ಥ, ನೀರು ಅಂಚಿಗೆ ಹಾರಿದರೆ ಇನ್ನೊಂದು. ಲೋಟ ಮನೆಯದು. ಹೆಂಡತಿ ಅದನ್ನು ಹುಡುಕುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು.

ನಾಲ್ಕನೇ ವ್ಯಾನಿನ ಚಾಲಕ ಬೇರೆ ಯಾರೂ ಅಲ್ಲ, ಆ ಹೆಂಡತಿಯ ತಮ್ಮ. ಫೆಬ್ರವರಿ ಹನ್ನೆರಡರಂದು ಅವನು ವ್ಯಾನು ತಂದು ನಿಲ್ಲಿಸಿ, “ಭಾವ, ಇದಕ್ಕೆ ಚಳಿಜ್ವರ ಬಂದಿದೆ. ಒಳಗೆ ಮಲಗಿದ ಅಜ್ಜಿ ನನಗಿಂತ ಜಾಸ್ತಿ ನಡುಗ್ತಿದ್ರು” ಎಂದ.

“ಅಜ್ಜಿ ನಡುಗಿದ್ದು ನಿನ್ನ ಡ್ರೈವಿಂಗ್ ನೋಡಿ. ಸುಮ್ಮನೆ ಬ್ರೇಕ್ ಒತ್ತಿ ಹಿಡ್ಕೊ.”

ಮೇಸ್ತ್ರಿ ಲೋಟವಿಟ್ಟರು. ನೀರು ಕುದಿಯುವಂತೆ ಕುಣಿಯಿತು. ಬ್ರೇಕ್ ಒತ್ತಿ ಹಿಡಿದಿದ್ದಂತೆಯೇ ಮೊದಲ ಗೇರಿಗೆ, ಅನಂತರ ರಿವರ್ಸ್ ಗೇರಿಗೆ ಹಾಕಿಸಿ, ಕ್ಲಚ್ಚನ್ನು ಸ್ವಲ್ಪವೇ ಬಿಡಿಸಿದರು. ಎರಡು ಸಲವೂ ಎಂಜಿನ್ ಒಂದು ಬದಿಗೆ ಎದ್ದು ದಡ್ ಎಂದು ಕೂತಿತು. ಎಂಜಿನ್ನಿಗೂ ಅದನ್ನು ಹೊತ್ತ ಚಾಸಿಗೂ ನಡುವೆ ಅದುರನ್ನು ನುಂಗಿಕೊಳ್ಳುವ ರಬ್ಬರ್ ಮೌಂಟುಗಳಿರುತ್ತವೆ. ಟಾರ್ಚು ಹಾಕಿ, ಸರಳಿನಿಂದ ಮೆಲ್ಲಗೆ ಮೀಟಿದಾಗ ಬಲಗಡೆಯ ಮೌಂಟಿನ ರಬ್ಬರು ಬಾಯಿಬಿಟ್ಟು, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದ್ದದ್ದು ಕಂಡಿತು. ಹೊಸದು ಹಾಕಿದರು. ಲೋಟದ ನೀರು ಕನ್ನಡಿಯಂತೆ ನಿಂತಿತು. ದಾಖಲೆ ಪುಸ್ತಕದಲ್ಲಿ ‘ದುರಸ್ತಿ ಸಂಪೂರ್ಣ’ ಎಂದು ಬರೆದು ಸಹಿ ಹಾಕಿದರು.

ತಪ್ಪಾದದ್ದು ಇಲ್ಲಿಯೇ. ವರ್ಕ್‌ಶಾಪಿನ ಅಂಗಳದಲ್ಲಿ ಇಪ್ಪತ್ತರ ವೇಗಕ್ಕಿಂತ ಮೇಲೆ ವ್ಯಾನು ಓಡಲಾರದು. ನಿಂತ ವಾಹನದ ಮಾತನ್ನು ಲೋಟ ಹೇಳಬಲ್ಲದು, ಅರವತ್ತರಲ್ಲಿ ಓಡುವ ಚಕ್ರದ ಮಾತನ್ನು ಹೇಳಲಾರದು. ಅಂದು ಮೇಸ್ತ್ರಿ ವ್ಯಾನನ್ನು ಹೊರಗಿನ ರಸ್ತೆಗೆ ಒಯ್ಯಲಿಲ್ಲ.

ಎಂಟು ದಿನ ಬಿಟ್ಟು, ಫೆಬ್ರವರಿ ಇಪ್ಪತ್ತರಂದು, ಬಾಮೈದ ಮತ್ತೆ ಬಂದ. “ಭಾವ, ನಿಮ್ಮ ಲೋಟ ಸುಳ್ಳು ಹೇಳ್ತು. ಅರವತ್ತು ದಾಟಿದ್ರೆ ಸ್ಟೀರಿಂಗ್ ಕೈಯಲ್ಲಿ ಅದುರುತ್ತೆ. ಎಡಗಡೆ ಗುಂಯ್ ಅಂತ ಶಬ್ದ ಬೇರೆ.”

ಈ ಸಲ ಮೇಸ್ತ್ರಿ ಲೋಟವನ್ನು ಮುಟ್ಟಲಿಲ್ಲ. ವ್ಯಾನಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ದಿಟ್ಟಿಸಿದರು. ಚಕ್ರಗಳು ಮಡ್‌ಗಾರ್ಡಿನಿಂದ ಹೊರಕ್ಕೆ ಇಣುಕುತ್ತಿದ್ದವು. ಮಡ್‌ಗಾರ್ಡಿನ ಅಂಚಿನಲ್ಲಿ ಟೈರು ಉಜ್ಜಿದ ಕಪ್ಪು ಗೆರೆಯಿತ್ತು. ಜನವರಿ ಇಪ್ಪತ್ತರಂದು ಖರೀದಿ ವಿಭಾಗದವರು ಆಸ್ಪತ್ರೆಯ ಏಳೂ ವ್ಯಾನುಗಳಿಗೆ ಹೊಸ ಚಕ್ರ ಹಾಕಿಸಿದ್ದರು. ಸ್ಟೆಪ್ನಿ ಮಾತ್ರ ಹಳೆಯದೇ ಉಳಿದಿತ್ತು. ಮೇಸ್ತ್ರಿ ಹೊಸದೊಂದನ್ನು ಬಿಚ್ಚಿ, ಸ್ಟೆಪ್ನಿಯ ಪಕ್ಕ ಮಲಗಿಸಿ, ಎರಡರ ಮೇಲೂ ಮರದ ಪಟ್ಟಿಯನ್ನು ಅಡ್ಡವಿಟ್ಟು ಅಳೆದರು. ಚಕ್ರದ ಅಗಲದ ನಟ್ಟನಡುವಿನ ಗೆರೆಗೂ, ಅದು ಗಾಡಿಯ ಅಚ್ಚಿನ ತುದಿಯ ಹಬ್ಬಿಗೆ ಕೂರುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ಹಳೆಯದರಲ್ಲಿ ಅದು ನಲವತ್ತೈದು ಮಿಲಿಮೀಟರ್, ಹೊಸದರಲ್ಲಿ ಇಪ್ಪತ್ತು. ಈ ಅಂಕಿ ಇಳಿದಷ್ಟೂ ಚಕ್ರ ಹೊರಕ್ಕೆ ಸರಿಯುತ್ತದೆ. ಎರಡರ ಒಳಬದಿಯಲ್ಲೂ ಅದೇ ಅಂಕಿಗಳು ಅಚ್ಚಾಗಿದ್ದವು. ಖರೀದಿ ಮಾಡಿದವರು ಬೋಲ್ಟಿನ ತೂತು ಎಣಿಸಿದ್ದರು, ಟೈರಿನ ಅಳತೆ ನೋಡಿದ್ದರು. ಚಕ್ರವನ್ನು ಮಗುಚಿ ಈ ಅಂಕಿಯನ್ನು ಯಾರೂ ಓದಿರಲಿಲ್ಲ.

ಮೇಸ್ತ್ರಿ ವ್ಯವಸ್ಥಾಪಕರ ಕೋಣೆಗೆ ಹೋದರು.

“ತೂತು ಸರಿಯಾಗಿ ಕೂತಿದೆ ತಾನೆ?” ಎಂದರು ವ್ಯವಸ್ಥಾಪಕರು, ಫೈಲಿನಿಂದ ತಲೆಯೆತ್ತದೆ.

“ತೂತು ಕೂತಿದೆ ಸಾರ್. ಚಕ್ರ ಒಂದು ಹೆಬ್ಬೆರಳಿನಷ್ಟು ಹೊರಗೆ ಹೋಗಿದೆ. ತುಂಬಿದ ಬಕೆಟ್ ಮೈಗೆ ಒತ್ತಿ ಹಿಡಿಯೋದು ಬೇರೆ, ಕೈ ಚಾಚಿ ಹಿಡಿಯೋದು ಬೇರೆ. ಬೇರಿಂಗ್ ಈಗ ಕೈ ಚಾಚಿ ಹಿಡ್ಕೊಂಡಿದೆ. ಆಗಲೇ ಕೂಗ್ತಿದೆ.”

“ಒಂದು ಹೆಬ್ಬೆರಳಿಗೆ ಏಳು ಗಾಡಿ ನಿಲ್ಲಿಸ್ಲಾ? ರೋಗಿಗಳನ್ನ ನಿಮ್ಮ ಲೋಟದಲ್ಲಿ ಕೂರಿಸಿ ಕಳಿಸ್ತೀರಾ?”

ಕೋಣೆಯಲ್ಲಿದ್ದ ಸ್ಟೋರಿನ ಗುಮಾಸ್ತರು ನಕ್ಕರು. ಮೇಸ್ತ್ರಿ ವಾಪಸು ಬಂದು ದಾಖಲೆ ಪುಸ್ತಕದಲ್ಲಿ ಎರಡೂ ಅಂಕಿಗಳನ್ನು ಬರೆದು, ಕೆಳಗೆ ‘ನಾಲ್ಕನೇ ವ್ಯಾನು ರಸ್ತೆಗೆ ಬೇಡ’ ಎಂದು ಸೇರಿಸಿ ಸಹಿ ಮಾಡಿದರು. ಮಾರನೆಯ ಬೆಳಿಗ್ಗೆ ವ್ಯವಸ್ಥಾಪಕರ ಬಾಯಿಮಾತಿನ ಅಪ್ಪಣೆಯಂತೆ ನಾಲ್ಕನೇ ವ್ಯಾನು ರಸ್ತೆಗಿಳಿಯಿತು.

ಮಾರ್ಚ್ ಒಂದರಂದು ಬೇರಿಂಗು ಒಡೆದು ಚಕ್ರ ಕಳಚಿತು. ವ್ಯಾನಿನಲ್ಲಿ ರೋಗಿ ಇರಲಿಲ್ಲವೆಂಬುದಷ್ಟೇ ಸಮಾಧಾನ. ವ್ಯಾನು ಕಲ್ಲುಕಟ್ಟೆಗೆ ಗುದ್ದಿ ಬಾಮೈದನ ಎಡಮೊಣಕಾಲು ಪುಡಿಯಾಯಿತು. ಅಪಘಾತದ ವಿಚಾರಣಾ ಸಮಿತಿಯವರು ತಮ್ಮ ವರದಿಗೆ ಫೆಬ್ರವರಿ ಹನ್ನೆರಡನೆಯ ತಾರೀಖಿನ ‘ದುರಸ್ತಿ ಸಂಪೂರ್ಣ’ ಎಂಬ ಪುಟವನ್ನು ಲಗತ್ತಿಸಿದ್ದಾರೆ. ಇಪ್ಪತ್ತನೆಯ ತಾರೀಖಿನ ಪುಟ ‘ಲಭ್ಯವಿಲ್ಲ’ವಂತೆ.

ನೋಟಿಸು ಬಂದ ದಿನ ಸಂಜೆ ಮೇಸ್ತ್ರಿ ಮನೆಯಲ್ಲಿ ಬಾಮೈದನ ಹಾಸಿಗೆಯ ಬಳಿ ಕೂತಿದ್ದರು. ಹೆಂಡತಿ ತಮ್ಮನಿಗೆ ನೀರು ತಂದಳು, ಅದೇ ಲೋಟದಲ್ಲಿ.

“ಅಕ್ಕಾ, ಇದು ಬೇಡ ಕಣೇ. ಭಾವ ಈಗ ನನ್ನೂ ಚೆಕ್ ಮಾಡ್ತಾರೆ” ಎಂದು ಅವನು ನಗಲು ಹೋಗಿ, ಕಾಲು ಅಲುಗಿ, ಹಲ್ಲು ಕಚ್ಚಿದ.

“ಹನ್ನೆರಡಕ್ಕೇ ನಾನು ರಸ್ತೆಗೆ ತಗೊಂಡು ಹೋಗಿದ್ರೆ ಅವತ್ತೇ ಗೊತ್ತಾಗ್ತಿತ್ತು ಕಣೋ” ಎಂದರು ಮೇಸ್ತ್ರಿ. “ಆ ಎಂಟು ದಿನ ನನ್ನದೇ.”

“ಅದನ್ನ ಅವರ ಮುಂದೆ ಹೇಳ್ಬೇಡಿ, ನಿಮ್ಮ ದಮ್ಮಯ್ಯ” ಎಂದಳು ಹೆಂಡತಿ. “ಅಷ್ಟನ್ನೇ ಹಿಡ್ಕೊಂಡು ಕೆಲಸ ತೆಗೀತಾರೆ.”

“ಹೇಳ್ತೀನಿ ಕಣೇ. ಎಂಟು ನನ್ನದು ಅಂತ ಹೇಳಿದ್ರೆ ತಾನೆ ಆಮೇಲಿನ ಒಂಬತ್ತು ಯಾರದು ಅಂತ ಕೇಳೋಕೆ ನನಗೆ ಬಾಯಿ ಇರೋದು?”

ಮರುದಿನ ಮೇಸ್ತ್ರಿ ಹಾಗೆಯೇ ಬರೆದುಕೊಟ್ಟರು. ಗೇಟಿನ ಕಾವಲುಗಾರ ಅರ್ಜಿಯನ್ನು ಸರಳುಗಳ ಸಂದಿನಿಂದ ತೆಗೆದುಕೊಂಡ. ಅದೇ ಹೊತ್ತಿಗೆ ಎರಡನೇ ವ್ಯಾನು ರೋಗಿಯೊಬ್ಬರನ್ನು ಮಲಗಿಸಿಕೊಂಡು ಹೊರಬಿತ್ತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಎಡಚಕ್ರದಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಕೈ ಎತ್ತಿ ಕೂಗಿದ ಮೇಸ್ತ್ರಿಯನ್ನು ಕಾವಲುಗಾರ ಗೇಟಿನಿಂದಾಚೆ ಸರಿಸಿದ. ಅರ್ಜಿಗೆ ಇಂದಿನವರೆಗೂ ಉತ್ತರವಿಲ್ಲ.

ವ್ಯವಸ್ಥಾಪಕರೇ, ಖರೀದಿ ವಿಭಾಗದವರೇ, ವಿಚಾರಣಾ ಸಮಿತಿಯ ಮಾನ್ಯ ಸದಸ್ಯರೇ: ಪುಟ ಸಿಗದಿದ್ದರೆ ಬೇಡ, ಚಕ್ರಗಳು ಸಿಗುತ್ತವೆ. ಉಳಿದ ಆರು ವ್ಯಾನುಗಳನ್ನು ಇಂದೇ ನಿಲ್ಲಿಸಿ. ಒಂದೊಂದರ ಮುಂದಿನ ಚಕ್ರವನ್ನೂ ಬಿಚ್ಚಿ ಅದರ ಸ್ಟೆಪ್ನಿಯ ಪಕ್ಕದಲ್ಲಿ ಮಗುಚಿ, ಅಚ್ಚಾಗಿರುವ ಅಂಕಿಗಳನ್ನು ಮೇಸ್ತ್ರಿಯ ಸಮ್ಮುಖದಲ್ಲಿ ಗಟ್ಟಿಯಾಗಿ ಓದಿ. ಅನಂತರ ನಿಮ್ಮ ವರದಿ, ನೋಟಿಸು ಎರಡರಿಂದಲೂ ‘ಏಕೈಕ’ ಎಂಬ ಪದವನ್ನು ತೆಗೆದುಹಾಕಿ, ಫೆಬ್ರವರಿ ಇಪ್ಪತ್ತರಿಂದ ಮಾರ್ಚ್ ಒಂದರವರೆಗಿನ ಒಂಬತ್ತು ದಿನಗಳ ಎದುರಿಗೆ ನಿಮ್ಮ ನಿಮ್ಮ ಸಹಿ ಹಾಕಿ.