ಥ್ಯಾಂಕ್ಸ್ ಹೇಳದ ಅಜ್ಜಿ

ಪಕ್ಕದ ಮನೆಯ ಅಜ್ಜಿಯ ಹುಬ್ಬುಗಳ ನಡುವೆ ಎರಡು ಗೆರೆಗಳಿದ್ದವು. ಉಗುರಿನಿಂದ ಗೀರಿಬಿಟ್ಟಂತೆ ಆಳವಾದ, ನೆಟ್ಟನೆಯ ಗೆರೆಗಳು. ನಗುವಾಗಲೂ ಅವು ಸಡಿಲವಾಗುತ್ತಿರಲಿಲ್ಲ. ಮಧ್ಯಾಹ್ನ ಪೋರ್ಚಿನ ಕುರ್ಚಿಯಲ್ಲಿ ತೂಕಡಿಸುವಾಗಲೂ ಹಾಗೇ ಇರುತ್ತಿದ್ದವು. ನಿದ್ದೆಯಲ್ಲೂ ಯಾರ ಮೇಲೋ ಸಿಟ್ಟು. ಯಾರ ಮೇಲೆ ಅಂತ ನನಗೆ ತಿಳಿದದ್ದು ಆಮೇಲೆ. ತಿಳಿದ ಮೇಲೆ ಆ ಸಿಟ್ಟು ನನಗೂ ಹತ್ತಿಕೊಂಡಿತು, ಇನ್ನೂ ಇಳಿದಿಲ್ಲ. ಇದನ್ನು ಬರೆಯುತ್ತಿರುವುದೂ ಅದೇ ಸಿಟ್ಟಿನಲ್ಲಿ.

ಅಮೆರಿಕದ ಹಿಲ್ಸ್‌ಬರೋದ ಈ ಮನೆಗೆ ನಾವು ಬಂದ ದಿನವೇ ಅವರು ಬಾಗಿಲು ಬಡಿದಿದ್ದರು. ಹಾಲುಕ್ಕಿಸುವುದಕ್ಕೆ ಬಂದ ಸ್ನೇಹಿತರೊಬ್ಬರು ಅವರ ಡ್ರೈವ್‌ವೇಗೆ ಅಡ್ಡವಾಗಿ ಕಾರು ನಿಲ್ಲಿಸಿದ್ದರು. ಅಜ್ಜಿ ಹೊಸಿಲಲ್ಲೇ ನಿಂತು ಚೆನ್ನಾಗಿ ಬೈದರು. ಗಾಬರಿಯಲ್ಲಿ ನಾನು ಒಂದು ಒಬ್ಬಟ್ಟನ್ನು ತಟ್ಟೆಗೆ ಹಾಕಿ ಕೊಟ್ಟೆ. ಅಲ್ಲೇ ನಿಂತು ತಿಂದು, "ಸಿಹಿ ಜಾಸ್ತಿ" ಎಂದು ತಟ್ಟೆ ವಾಪಸ್ ಕೊಟ್ಟರು. ಕಾರು ತೆಗೆಯುವವರೆಗೆ ಕದಲಲಿಲ್ಲ. ಅವರು ಆಡಿದ್ದು ಇಂಗ್ಲಿಷು, ಅದೂ ಯುರೋಪಿನ ಯಾವುದೋ ಊರಿನ ಗಡುಸು ಹತ್ತಿದ ಇಂಗ್ಲಿಷು. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಕೂತಿದೆ, ಹಾಗಾಗಿ ಹಾಗೇ ಬರೆಯುತ್ತೇನೆ.

ಅವರು ಯಾರಿಗೂ ಥ್ಯಾಂಕ್ಸ್ ಹೇಳುತ್ತಿರಲಿಲ್ಲ. ಬಾಗಿಲು ಹಿಡಿದುಕೊಂಡವನಿಗೂ, ಬಿಲ್ ಕೊಟ್ಟವನಿಗೂ, ಬಸ್ಸಿನ ಡ್ರೈವರಿಗೂ ಥ್ಯಾಂಕ್ಯೂ ಎನ್ನುವ ಈ ದೇಶದಲ್ಲಿ ಇದು ಸಣ್ಣ ಅಪರಾಧವೇನಲ್ಲ. ಬಾಸ್ಕಿಂಗ್ ರಿಡ್ಜ್‌ನ ಆಫೀಸಿಗೆ ಹೊರಡುವ ಮುಂಚೆ ಅವರ ಅಂಗಳದ ಸ್ನೋವನ್ನೂ ತೆಗೆದುಕೊಡುತ್ತಿದ್ದ ನನ್ನ ಗಂಡ ಗೊಣಗುತ್ತಿದ್ದರು. "ಎಂಥಾ ಮುದುಕಿನಪ್ಪಾ, ಬೆನ್ನು ಮುರ್ಕೊಂಡು ಶವೆಲ್ ಮಾಡಿದ್ರೆ, ಮೆಟ್ಟಿಲ ಮೇಲೆ ಇನ್ನೂ ಇದೆ ಅಂತಾರೆ!" ನನಗೆ ಮಾತ್ರ ಅದು ವಿಚಿತ್ರ ಅನ್ನಿಸಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲೂ ಯಾರೂ ಯಾರಿಗೂ ಥ್ಯಾಂಕ್ಸ್ ಹೇಳಿದ್ದಿಲ್ಲ. ಅಮ್ಮ ಬಡಿಸಿದ ಸಾರಿಗೆ ಉಪ್ಪು ಕಡಿಮೆ ಅನ್ನುವುದೇ ನಮ್ಮಲ್ಲಿ ಪ್ರೀತಿ.

ಮಗಳು ಹುಟ್ಟುವ ಹೊತ್ತಿಗೆ, ಬಾಣಂತನಕ್ಕೆಂದು ಅಪ್ಪ ಅಮ್ಮ ಇಬ್ಬರೂ ವೀಸಾಕ್ಕೆ ಹೋದರು. ಅಮ್ಮನಿಗೆ ಕೊಟ್ಟರು, ಅಪ್ಪನಿಗೆ ಕೊಡಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ. ಫೋನಿನ ಮೇಲೆ ಫೋನು. ಎಲ್ಲರದೂ ಒಂದೇ ಸಮಾಧಾನ: "ಹೋಗ್ಲಿ ಬಿಡೇ, ಅಮ್ಮಂಗಾದ್ರೂ ಸಿಕ್ತಲ್ಲ." ಅದೇ ಮಾತನ್ನು ನಾನು ಬೇಲಿಯಾಚೆ ನಿಂತಿದ್ದ ಅಜ್ಜಿಗೆ ಒಪ್ಪಿಸಿದೆ. ಅವರ ಕೈಯಲ್ಲಿದ್ದ ನೀರಿನ ಪೈಪು ಕೆಳಗೆ ಬಿತ್ತು.

"ಒಬ್ಬರಿಗಾದರೂ ಅನ್ನೋ ಮಾತನ್ನ ನನ್ನ ಮುಂದೆ ಆಡಬೇಡ" ಎಂದು ಕೂಗಿದರು. "ಇಬ್ಬರು ಕೇಳಿದ್ದರು. ಇಬ್ಬರಿಗೂ ಕೊಡಬೇಕಿತ್ತು. ಅಷ್ಟೇ."

ಆಮೇಲೆ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು. ಅವರು ಯಹೂದಿ. ಎರಡನೇ ಮಹಾಯುದ್ಧ ಶುರುವಾದಾಗ ಅವರಿಗೆ ಏಳು, ತಮ್ಮನಿಗೆ ಐದು. ತಂದೆಯನ್ನು ಆಗಲೇ ಹಿಡಿದುಕೊಂಡು ಹೋಗಿದ್ದರು. ಮಕ್ಕಳನ್ನು ದಾಟಿಸಲು ತಾಯಿ ಕಚೇರಿಯಿಂದ ಕಚೇರಿಗೆ ಅಲೆದಳು. ಕೊನೆಗೆ, ಮಕ್ಕಳನ್ನು ಅಮೆರಿಕಕ್ಕೆ ಕಳಿಸುವ ಒಂದು ಸಮಿತಿ ಸಿಕ್ಕಿತು. ಆದರೆ ಆ ದೇಶಕ್ಕೆ ಗಟ್ಟಿಮುಟ್ಟಾದ ಮಕ್ಕಳೇ ಬೇಕಿತ್ತು. ತಮ್ಮನ ಎಡಗಾಲು ಕೊಂಚ ಗಿಡ್ಡ.

"ಶೂ ಒಳಗೆ ಬಟ್ಟೆ ಮಡಚಿಟ್ಟು, ನಾನೇ ಅವನಿಗೆ ನಡೆಯೋದನ್ನ ಕಲಿಸಿದೆ. ಅಡುಗೆಮನೆಯಿಂದ ಬಾಗಿಲವರೆಗೆ, ಬಾಗಿಲಿಂದ ಅಡುಗೆಮನೆವರೆಗೆ. ಎಷ್ಟು ಚೆನ್ನಾಗಿ ನಡೀತಿದ್ದ ಗೊತ್ತಾ? ಸಿಪಾಯಿ ಹಾಗೆ! ಡಾಕ್ಟರ ಮುಂದೆ ಹೋದೆವು. ಶೂ ಬಿಚ್ಚು ಅಂದ."

ಅಷ್ಟೇ. ಹುಡುಗಿ ಸರಿ, ಹುಡುಗ ಬೇಡ. ಐದು ವರ್ಷದ ಮಗುವನ್ನು ಬರಿಗಾಲಲ್ಲಿ ನಡೆಸಿ ನೋಡಿ, ಸಾವಿನ ಕಡೆ ವಾಪಸ್ ಕಳಿಸಿದ ಆ ಮನುಷ್ಯ ಸಂಜೆ ಮನೆಗೆ ಹೋಗಿ ಊಟ ಮಾಡಿರುತ್ತಾನೆ. ನಿದ್ದೆಯನ್ನೂ ಮಾಡಿರುತ್ತಾನೆ. ನನಗೆ ಅವನನ್ನು ಶಪಿಸುವುದಕ್ಕೆ ಕನ್ನಡದ ಬೈಗುಳಗಳೆಲ್ಲ ಸಾಲುವುದಿಲ್ಲ.

ಅಜ್ಜಿ ರೈಲಿನಲ್ಲಿ, ಆಮೇಲೆ ಹಡಗಿನಲ್ಲಿ, ಗೊತ್ತಿಲ್ಲದ ಮಕ್ಕಳ ಜೊತೆ ನ್ಯೂಯಾರ್ಕಿಗೆ ಬಂದಿಳಿದರು. ಬಂದರಿನಲ್ಲಿ ಪತ್ರಿಕೆಯ ಫೋಟೋದವರು ಕಾದಿದ್ದರು. ಟೋಪಿ ಹಾಕಿದ ಹೆಂಗಸೊಬ್ಬಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಲ್ಲರೂ ಒಟ್ಟಿಗೆ ಥ್ಯಾಂಕ್ಯೂ ಅನ್ನಿ ಎಂದಳು. ಅಜ್ಜಿ ಬಾಯಿ ಬಿಡಲಿಲ್ಲ. ಆಕೆ ರಟ್ಟೆ ಚಿವುಟಿದಳು. ಆಗಲೂ ಬಿಡಲಿಲ್ಲ. ಸಾಕಿದ ಮನೆಯವರು ಒಳ್ಳೆಯವರೇ, ಆದರೆ ಅವರದೂ ಅದೇ ರಾಗ: ನೀನಾದರೂ ಉಳಿದೆಯಲ್ಲ. ತಾಯಿಯ ಸುದ್ದಿ ನಿಂತುಹೋಯಿತು. ತಮ್ಮ ಎಲ್ಲಿ, ಯಾವಾಗ, ಹೇಗೆ ಎಂದು ಯಾರೂ ಬಂದು ಹೇಳಲಿಲ್ಲ. ಅವರ ಜನರಲ್ಲಿ ತೀರಿಕೊಂಡವರ ಹೆಸರನ್ನು ಹುಟ್ಟುವ ಮಗುವಿಗೆ ಇಡುತ್ತಾರಂತೆ, ಬದುಕಿರುವವರದನ್ನು ಇಡುವಂತಿಲ್ಲ. ಮಗ ಹುಟ್ಟಿದಾಗ ಗಂಡನ ಕಡೆಯವರು ತಮ್ಮನ ಹೆಸರಿಡು ಎಂದು ಒತ್ತಾಯಿಸಿದರು. "ಇಡಲಿಲ್ಲ. ಅವನು ಸತ್ತ ಅಂತ ನಾನು ಯಾಕೆ ಒಪ್ಪಿಕೊಳ್ಳಲಿ?" ಎಂದರು ಅಜ್ಜಿ. ಎದ್ದು ಹೋಗುವಾಗ ಲೋಟ ತೋರಿಸಿ, "ಕಾಫಿ ನೀರು ನೀರು" ಎಂದರು.

ಅಮ್ಮ ಒಬ್ಬಳೇ ಬಂದಳು. ಇಂಗ್ಲಿಷ್ ಬಾರದ ಅಮ್ಮ, ಕನ್ನಡ ಬಾರದ ಅಜ್ಜಿ. ಇಬ್ಬರೂ ನನ್ನ ಮಗಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುವ ವಿಷಯಕ್ಕೆ ದಿನಾ ಜಗಳವಾಡಿದರು. ನೀರು ತೀರಾ ಬಿಸಿಯೆಂದು ಅಜ್ಜಿ, ಬಿಸಿಯಿದ್ದರೇ ಮಗು ಮಲಗುವುದೆಂದು ಅಮ್ಮ. ಒಂದು ದಿನ ಅಮ್ಮ ಹೇಳಿದಳು, "ಇವ್ರು ನಮ್ಮೋರೇ ಕಣೇ. ಸುಮ್‌ಸುಮ್ನೆ ಹಲ್ಲು ಕಿರಿಯಲ್ಲ."

ಮಗಳು ಬೆಳೆದು ಹೈಸ್ಕೂಲಿಗೆ ಬಂದಳು. ಆ ವರ್ಷದ ರಾಜ್ಯೋತ್ಸವದಲ್ಲಿ ಅವಳ ಡ್ಯಾನ್ಸ್ ಇತ್ತು, ಅಜ್ಜಿಯನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ನಮ್ಮ ಕನ್ನಡ ಕೂಟದ ಕಾರ್ಯದರ್ಶಿಗೆ ಸನ್ಮಾನದ ಹುಚ್ಚು. ಸ್ಟೇಜಿನ ಹಿಂದೆ ಶಾಲು, ಪೇಟ, ಹಣ್ಣಿನ ಬುಟ್ಟಿ ಸದಾ ಸಿದ್ಧ. ಒಂದು ಪೇಟ ಮಿಕ್ಕಿದರೆ ಅದಕ್ಕೊಂದು ತಲೆ ಹುಡುಕುವ ಮನುಷ್ಯ. ಅಜ್ಜಿಯ ಕಥೆಯ ಚೂರುಪಾರು ಅವರ ಕಿವಿಗೂ ಬಿದ್ದಿತ್ತು. ಯಾರಿಗೂ ಹೇಳದೆ ಕೇಳದೆ ಮೈಕಿನಲ್ಲಿ ಕರೆದುಬಿಟ್ಟರು. ಇಬ್ಬರು ಸ್ವಯಂಸೇವಕರು ಅಜ್ಜಿಯ ತೋಳು ಹಿಡಿದು ಮೇಲೆ ಹತ್ತಿಸಿದರು. ಪೇಟ ದೊಡ್ಡದಾಗಿ, ಹುಬ್ಬಿನವರೆಗೂ ಜಾರಿತು. ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಅಮೆರಿಕವೆಂಬ ತಾಯಿ ಎರಡೂ ಕೈ ಚಾಚಿ ಈ ಮಗುವನ್ನು ಎತ್ತಿಕೊಂಡಳು. ಮನೆಯವರೆಲ್ಲ ಹೋದರೂ ಇವರಾದರೂ ಉಳಿದರು, ಅದೇ ದೇವರ ದಯೆ. ಜೋರು ಚಪ್ಪಾಳೆ.

ಅಜ್ಜಿ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟರು. ಮೈಕು ಕಿತ್ತುಕೊಂಡರು.

"ಎರಡು ಕೈ ಅಲ್ಲ. ಒಂದೇ ಕೈ. ಇನ್ನೊಂದು ಕೈ ನನ್ನ ತಮ್ಮನನ್ನು ತಳ್ಳಿತು. ಅವನಿಗೂ ಒಂದು ಹೆಸರಿತ್ತು." ಹೆಸರು ಹೇಳಿದರು. "ನನಗೆ ಚಪ್ಪಾಳೆ ತಟ್ಟಿದವರೆಲ್ಲ ಈಗ ಅವನ ಹೆಸರು ಹೇಳಿ."

ರೇಷ್ಮೆ ಸೀರೆಗಳು, ಜರಿ ಪಂಚೆಗಳು, ವಿಡಿಯೋ ಮಾಡುತ್ತಿದ್ದ ಫೋನುಗಳು, ಎಲ್ಲ ತಣ್ಣಗಾದವು. ಕಾರ್ಯದರ್ಶಿ ಹಲ್ಲು ಬಿಡುತ್ತ ಮೈಕಿಗೆ ಕೈಚಾಚಿದರು, "ಥ್ಯಾಂಕ್ಯೂ ಆಂಟಿ, ಟೈಮ್ ಆಯ್ತು." ನಾನು ಎದ್ದು ನಿಂತು ಆ ಹೆಸರು ಹೇಳಿದೆ. ಪರದೆಯ ಪಕ್ಕದಿಂದ, ಗೆಜ್ಜೆ ಕಟ್ಟಿಕೊಂಡು ನಿಂತಿದ್ದ ನನ್ನ ಮಗಳೂ ಹೇಳಿದಳು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಗೊಣಗಿದರು.

"ಕೇಳಿಸಲಿಲ್ಲ" ಎಂದರು ಅಜ್ಜಿ. "ಜೋರಾಗಿ."

ಅಷ್ಟರಲ್ಲಿ ಯಾರೋ ಮುಂದಿನ ಡ್ಯಾನ್ಸಿನ ಮ್ಯೂಸಿಕ್ ಹಾಕಿಬಿಟ್ಟರು. ಬಿಸಿಬೇಳೆಬಾತಿನ ಕ್ಯೂನಲ್ಲಿ ಮಾತಿನ ಬಾಣಗಳೆಲ್ಲ ಹೊರಬಂದವು. "ಹಬ್ಬದ ದಿನ ಇದೆಲ್ಲಾ ಬೇಕಿತ್ತಾ?" "ಇಷ್ಟು ವರ್ಷ ಆಯ್ತು, ಮೂವ್ ಆನ್ ಆಗ್ಬೇಕಪ್ಪ." ಮೂವ್ ಆನ್ ಆಗಬೇಕಂತೆ! ಪಾರ್ಕಿಂಗ್‌ನಲ್ಲಿ ತಮ್ಮ ಕಾರಿಗೆ ಗೀರಿದವನನ್ನು ಹತ್ತು ವರ್ಷ ಮರೆಯದ ಜನ. ನನ್ನ ಬಾತನ್ನು ಅಲ್ಲೇ ಇಟ್ಟು, ಅಜ್ಜಿಯನ್ನೂ ಮಗಳನ್ನೂ ಕರೆದುಕೊಂಡು ಹೊರಟುಬಂದೆ.

206ನೇ ಹೆದ್ದಾರಿಯಲ್ಲಿ ಟ್ರಾಫಿಕ್ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅಜ್ಜಿ ಹೇಳಿದರು, "ನಾನು ಸತ್ತಾಗ ಯಾರೋ ಒಬ್ಬರು ಎದ್ದು, ಈಕೆ ಈ ದೇಶಕ್ಕೆ ಕೃತಜ್ಞಳಾಗಿದ್ದಳು ಅಂತ ಹೇಳಿಯೇ ಹೇಳುತ್ತಾರೆ. ಆಗ ನನಗೆ ಬಾಯಿರೋದಿಲ್ಲ. ನೀನು ಸುಮ್ಮನೆ ನಿಲ್ಲಬೇಡ. ಅವನ ಹೆಸರು ಕೂಗು." ಹೂಂ ಅಂದೆ. ಹಿಂದಿನ ಸೀಟಿನಿಂದ ಮಗಳು, "ಐ ವಿಲ್ ಟೂ" ಅಂದಳು.

ಆ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದು ಕೂಗುವ ಹೆಸರು, ಅಚ್ಚು ಹಾಕಿ ಮಡಚಿಡುವುದಲ್ಲ ಎಂದು ಅವರೇ ಹೇಳಿದ್ದರು.

ಕಳೆದ ಚಳಿಗಾಲದಲ್ಲಿ ಅವರು ಮನೆಯಲ್ಲೇ ತೀರಿಕೊಂಡರು. ನಾನು ಹೋದಾಗ ನರ್ಸ್ ತನ್ನ ಹೆಬ್ಬೆರಳಿನಿಂದ ಹುಬ್ಬುಗಳ ನಡುವಿನ ಗೆರೆಗಳನ್ನು ತೀಡುತ್ತಿದ್ದಳು. "ಎಷ್ಟು ಶಾಂತವಾಗಿದ್ದಾರೆ ನೋಡಿ" ಎಂದಳು. "ಕೈ ತೆಗೀರಿ" ಎಂದೆ. ಅವಳು ಬೆಚ್ಚಿ ಹಿಂದೆ ಸರಿದಳು. ಗೆರೆಗಳು ಹೇಗಿದ್ದವೋ ಹಾಗೇ ಇದ್ದವು.

ಕ್ಯಾಲಿಫೋರ್ನಿಯಾದಿಂದ ಮಗ ಬಂದ. ಅವನಿಗೇ ಅರವತ್ತು ದಾಟಿದೆ, ಅಮ್ಮನ ಸಿಟ್ಟಿಗೆ ಹೆದರಿ ದೂರ ಉಳಿದವನು. ಸ್ಮಶಾನದಲ್ಲಿ ಹೆಪ್ಪುಗಟ್ಟುವ ಗಾಳಿ. ಒಬ್ಬೊಬ್ಬರಾಗಿ ಸಲಿಕೆ ಹಿಡಿದು ಮಣ್ಣು ಹಾಕುವ ಮುಂಚೆ ಅವನು ಎರಡು ಮಾತಾಡಿದ. ಒಳ್ಳೆಯ ಮನುಷ್ಯ, ಕಣ್ಣು ತುಂಬಿತ್ತು. ಕೊನೆಗೆ ಹೇಳಿಯೇಬಿಟ್ಟ: "ತನ್ನನ್ನು ಉಳಿಸಿದ ಈ ದೇಶಕ್ಕೆ ಅಮ್ಮ ಕೊನೆವರೆಗೂ ಕೃತಜ್ಞಳಾಗಿದ್ದಳು."

ಅಲ್ಲಿದ್ದವರೆಲ್ಲ ಅವರ ಜನ. ಸಲ್ವಾರ್ ಮೇಲೆ ಕೋಟು ಹಾಕಿದವಳು ನಾನೊಬ್ಬಳೇ. ಕೂಗಿದೆ. ಗಂಟಲು ಹರಿಯುವಷ್ಟು ಜೋರಾಗಿ ಆ ಐದು ವರ್ಷದ ಹುಡುಗನ ಹೆಸರು ಕೂಗಿದೆ.

ಎಲ್ಲರೂ ತಿರುಗಿ ನೋಡಿದರು. ಮಗನ ಮುಖ ಕೆಂಪಾಯಿತು, ಹುಬ್ಬುಗಳ ನಡುವೆ ಅದೇ ಎರಡು ಗೆರೆ ಮೂಡಿದವು. ನನ್ನನ್ನು ಬೈಯುತ್ತಾನೆ ಅಂದುಕೊಂಡೆ. ಅವನು ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, ತುಟಿಯೊಳಗೇ, ತನಗೆ ಸಿಗದೆಹೋದ ಆ ಹೆಸರನ್ನು ಹೇಳಿದ.

"ಕೇಳಿಸಲಿಲ್ಲ" ಎಂದೆ. "ಜೋರಾಗಿ."

ಹೇಳಿದ. ಗೇಟಿನ ಹತ್ತಿರ ಕಾರು ನಿಲ್ಲಿಸಿ ಆಗಷ್ಟೇ ಇಳಿಯುತ್ತಿದ್ದ ನನ್ನ ಮಗಳಿಗೂ ಕೇಳಿಸಿತು. ಅವಳು ಅಲ್ಲಿಂದಲೇ ಕೂಗಿದಳು.