ಅಕ್ಕೋರ ತಟ್ಟೆಗಳಿಗೆ ಸುರಿದ ಬಿಸಿನೀರು

ಸಹನಾ, ಬೀರು, ಮೊನ್ನೆ ಭಾನುವಾರ ನೀವಿಬ್ಬರೂ ಚೈನಾ ಗ್ರಾಸಿನ ಸಿಹಿ ಮಾಡಿದಿರಿ. ಹಾಲಿಗೆ ಹಾಕುವ ಮೊದಲು ಅದನ್ನು ನೀರಿನಲ್ಲಿ ಕುದಿಸುವಾಗ ಒಂದು ವಾಸನೆ ಬಂತು… ಹೊಳೆ ಇಳಿದ ಮೇಲೆ ದಂಡೆಯ ಪಾಚಿ ಒಣಗುವ ವಾಸನೆ. ನಾನು ಎದ್ದು ಹಿತ್ತಲಿಗೆ ಹೋದೆ. ಊಟಕ್ಕೆ ಕೂತಾಗ ನಿಮ್ಮ ಅಪ್ಪ ಮತ್ತೆ ಅದೇ ಕಥೆ ತೆಗೆದ. ಅಜ್ಜ ಹಾಸಿಗೆ ಹಿಡಿದಾಗ ತಮ್ಮ ಜ್ವರದ ಮೂಲವನ್ನು ತಾವೇ ಕಂಡುಹಿಡಿದು ಡಾಕ್ಟರಿಗೆ ಹೇಳಿದರಂತೆ! ಎಲ್ಲರೂ ತಲೆಯಾಡಿಸಿದರು. ನಾನು ಬಡಿಸುತ್ತಲೇ ಇದ್ದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆ ಕಥೆ ಸುಳ್ಳು.

ಹದಿನೈದು ವರ್ಷಗಳ ಹಿಂದೆ ಜಮಖಂಡಿಯ ಇದೇ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಅಕ್ಕೋರು ಬಾಡಿಗೆಗೆ ಇದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತ, ಡಾಕ್ಟರೇಟಿಗಾಗಿ ಸಂಶೋಧನೆಯನ್ನೂ ಮಾಡುತ್ತಿದ್ದರು. ಕಬ್ಬಿನ ಬೇರಿನ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಹಸಿ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂಬುದು ಅವರ ವಿಷಯ. ಕಾಲೇಜಿನಲ್ಲಿ ಸಾಮಾನು ತೀರಿದರೆ ನಮ್ಮ ಅಡುಗೆಮನೆಯಲ್ಲೇ ಚೈನಾ ಗ್ರಾಸ್ ಕುದಿಸಿ, ಕುಕ್ಕರಿನಲ್ಲಿ ಸೀಟಿ ಹೊಡೆಸಿ, ಮುಚ್ಚಳವಿರುವ ಸಣ್ಣ ಗಾಜಿನ ತಟ್ಟೆಗಳಿಗೆ ಸುರಿಯುತ್ತಿದ್ದರು. ಅದು ಹೆಪ್ಪುಗಟ್ಟಿದ ಮೇಲೆ ಅದರಲ್ಲಿ ಆ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಿದ್ದರು. ತೀರ ಗಟ್ಟಿಯಾದರೆ ಅವು ನಡೆಯುವುದಿಲ್ಲ, ತೀರ ತೆಳ್ಳಗಾದರೆ ಈಜಿಬಿಡುತ್ತವೆ. ಹದ ಬೇಕು. ಅನಗವಾಡಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಓದಿದ ನನಗೆ ಉಳಿದದ್ದು ತಿಳಿಯದಿದ್ದರೂ ಹದ ತಿಳಿಯುತ್ತಿತ್ತು. ಪಾತ್ರೆ ಓರೆ ಮಾಡಿ ನೋಡಿ ಹೇಳುತ್ತಿದ್ದೆ.

ಒಂದು ದಿನ ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದರು.

“ನೋಡ್ರಿ ವೈನಿ, ನಿನ್ನಿ ನಡುವ ಒಂದ ಚುಕ್ಕಿ ಇಟ್ಟಿದ್ದೆ. ಇವತ್ತ ದಂಡಿಗೆ ಬಂದಾವು.”

“ಇವಕ್ಕ ಕಾಲ ಎಲ್ಲಿ ಅದಾವ್ರಿ?”

“ಕಾಲಿಲ್ಲ. ಕೂದಲದಂಥಾ ಎಳಿ ಅದಾವು, ಗರಗರ ತಿರುಗಸ್ತಾವು. ಒಂದ ಇದ್ದರ ಮಿಸುಕಂಗಿಲ್ಲ. ಮಂದಿ ಕೂಡಿದ ಮ್ಯಾಲ ಎಲ್ಲಾ ಒಮ್ಮೆಲೆ ಹೊಂಡತಾವು.”

“ನಮ್ಮ ಓಣಿ ಹೆಣಮಕ್ಕಳು ಸಂತಿಗಿ ಹೊಂಟಂಗ ಅನ್ರಿ.”

ಅಕ್ಕೋರು ಎಷ್ಟು ನಕ್ಕರೆಂದರೆ ತಟ್ಟೆ ಕೆಳಗಿಡಬೇಕಾಯಿತು.

ಆ ವರ್ಷ ನಿಮ್ಮ ಅಜ್ಜ ಗಾಡಿಯಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಮೂತ್ರಕ್ಕೆ ಕೊಳವೆ ಹಾಕಿ, ಅದಕ್ಕೊಂದು ಚೀಲ ಕಟ್ಟಿ ಮನೆಗೆ ಕಳಿಸಿದ್ದರು. ನೋಡಲು ದಿನವೂ ಜನ. ಯಾರ ಕಣ್ಣಿಗೂ ಚೀಲ ಬೀಳಬಾರದೆಂದು ಅವರು ಅದನ್ನು ಮಂಚದ ಮೇಲೆ, ತಮ್ಮ ಮಗ್ಗುಲಲ್ಲೇ, ಕೌದಿಯೊಳಗೆ ಮುಚ್ಚಿ ಇಟ್ಟುಕೊಳ್ಳುತ್ತಿದ್ದರು. ಕೆಲವು ದಿನಗಳಲ್ಲಿ ನಡುಕ ಶುರುವಾಯಿತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುತ್ತಿದ್ದವು. ಗುಳಿಗೆ ನುಂಗಿದರೂ ಜ್ವರ ಬಿಡಲಿಲ್ಲ. ಮೈ ಒಣಗಿ, ಮಾತು ತಪ್ಪತೊಡಗಿತು.

ಮಾತನಾಡಿಸಲು ಬಂದ ಅಕ್ಕೋರು ಕೊಳವೆಯನ್ನು ನೋಡಿದರು. ನನ್ನನ್ನು ಅಡುಗೆಮನೆಗೆ ಕರೆದರು.

“ವೈನಿ, ಆ ಚೀಲಾ ಮ್ಯಾಲ ಇಡಬ್ಯಾಡ್ರಿ. ಹೊರಗ ಬಂದದ್ದು ತಿರುಗಿ ಒಳಗ ಹೋಗತೈತಿ. ನನ್ನ ತಟ್ಟ್ಯಾಗ ಇರೂವು ಮಣ್ಣಿನವು, ಏನೂ ಮಾಡಂಗಿಲ್ಲ. ಆದರ ಹಂಗ ನಡಿಯೋ ಬ್ಯಾರೆ ಜಾತಿ ಅದಾವು, ಕೊಳವಿ ಗ್ವಾಡಿ ಹಿಡದು ಒಳಗ ಹತ್ತತಾವು. ಕೊಳವಿ ಬದಲ ಮಾಡಿಸಿ ಮೂತ್ರ ತಪಾಸ ಮಾಡಸ್ರಿ. ತಡಾ ಮಾಡಬ್ಯಾಡ್ರಿ.”

ನಾನು ಹೋಗಿ ನಿಮ್ಮ ಅಜ್ಜನಿಗೆ ಹೇಳಿದೆ. “ಬಂದ ಮಂದಿ ಮುಂದ ನನ್ನ ಉಚ್ಚಿ ಚೀಲಾ ತೂಗಬಿಡ್ತಿ ಏನ? ಮಾನ ಐತಿಲ್ಲ ನಿನಗ?” ಎಂದು ಬೈದರು. ನಾನು ಸುಮ್ಮನಾದೆ. ಅಕ್ಕೋರು ಸುಮ್ಮನಾಗಲಿಲ್ಲ. ತಮ್ಮದೊಂದು ಹೊಸ ಕುಪ್ಪಸದ ಖಣ ಕತ್ತರಿಸಿ, ಆ ಚೀಲಕ್ಕೆ ಗವಸು ಹೊಲಿದು ತಂದರು. ಮಂಚದ ಕೆಳಗೆ ತೂಗುಹಾಕಿ, “ನೋಡ್ರಿ ಅಣ್ಣಾರ, ಇನ್ನ ಕಂಡವ್ರು ಎಲಿ-ಅಡಿಕಿ ಚಂಚಿ ಅಂತಾರ” ಎಂದರು. ಅಂಥ ಜ್ವರದಲ್ಲೂ ಅವರಿಗೆ ನಗು ಬಂತು.

ಮರುದಿನ ದವಾಖಾನೆಗೆ ಒಯ್ದೆವು. ಅಕ್ಕೋರು ಹೇಳಿದ್ದೇ ನಿಜವಾಯಿತು. ಕೊಳವೆ ಬದಲಾಯಿತು, ಔಷಧ ಬದಲಾಯಿತು, ವಾರದಲ್ಲಿ ನಡುಕ ನಿಂತಿತು. “ಛಲೋ ಟೈಮಿಗೆ ಬಂದ್ರಿ, ಯಾರ ಹೇಳಿದ್ರು?” ಎಂದು ಡಾಕ್ಟರು ಕೇಳಿದರು.

“ನನಗ ಹಂಗ ಅನಿಸ್ತ್ರಿ,” ಎಂದರು ನಿಮ್ಮ ಅಜ್ಜ.

ನಾನು ಪಕ್ಕದಲ್ಲೇ ನಿಂತಿದ್ದೆ. ನೆಲ ನೋಡಿದೆ.

ಮುಂದೆ ಮಹಾನವಮಿ ಹತ್ತಿರ ಬಂತು. ಮನೆಯಲ್ಲಿರುವ ಪ್ರತಿಯೊಂದನ್ನೂ ತೊಳೆಯುವ ದಿನಗಳು. ಕಾಲೇಜಿನ ಫ್ರಿಜ್ ಕೆಟ್ಟಿದ್ದರಿಂದ ಅಕ್ಕೋರು ತಮ್ಮ ತಟ್ಟೆಗಳನ್ನೆಲ್ಲ ಕೋಣೆಯಲ್ಲೇ ಇಟ್ಟಿದ್ದರು. ತೊಳೆಯಲು ಬಂದ ನನ್ನ ನಾದಿನಿ, ಅಂದರೆ ಅಜ್ಜನ ಅಕ್ಕ, ಅವನ್ನು ಕಂಡು ಕೂಗಿದಳು. “ಏನ ಬೇ, ಮನ್ಯಾಗ ಹುಳಾ ಸಾಕೀರಿ? ನನ್ನ ತಮ್ಮಗ ಜ್ವರಾ ಯಾಕ ಬಂತಂತ ಈಗ ತಿಳೀತು!”

ಮಂಚದ ಮೇಲಿದ್ದ ನಿಮ್ಮ ಅಜ್ಜನಿಗೆ ಎಲ್ಲ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಆದರೆ ನಿಜ ಹೇಳಿದರೆ, ಬಾಡಿಗೆಯ ಹೆಣ್ಣುಮಗಳ ಬುದ್ಧಿಯಿಂದ ಬದುಕಿದೆ ಎಂದು ಒಪ್ಪಬೇಕಾಗುತ್ತಿತ್ತು. ಗೋಡೆ ಕಡೆ ಮುಖ ಮಾಡಿ ನನಗೆ ಹೇಳಿದರು: “ಅಕ್ಕೋರು ಬರೂದ್ರೊಳಗ ತೊಳದ ಬಿಡು.”

ಎಲ್ಲಕ್ಕಿಂತ ಮುಂದೆ ನಡೆದವುಗಳನ್ನು ಅಂಚಿನಿಂದ ಆರಿಸಿ, ಹೊಸ ತಟ್ಟೆಗೆ ಹಾಕಿ, ಅದರಿಂದ ಮತ್ತೆ ಆರಿಸಿ… ಅಕ್ಕೋರ ಒಂಬತ್ತು ತಿಂಗಳ ಕೆಲಸ. ಅದು ನನಗೆ ಗೊತ್ತಿತ್ತು. ಹಂಡೆಯಲ್ಲಿ ನೀರು ಕಾಯಿಸಿದವಳು ನಾನು. ಒಂದೊಂದೇ ಮುಚ್ಚಳ ತೆಗೆದು ಸುರಿದವಳೂ ನಾನೇ.

ಸಂಜೆ ಬಂದ ಅಕ್ಕೋರು ಬೋರಲು ಹಾಕಿದ ತಟ್ಟೆಗಳನ್ನು ನೋಡಿದರು. ಕೂಗಾಡಲಿಲ್ಲ. “ಅವ್ರು ಹೇಳ್ಯಾರ, ಖರೆ. ನಿಮಗ ಎಲ್ಲಾ ಗೊತ್ತಿತ್ತಲ್ರಿ ವೈನಿ…” ಎಂದರು. ಹಬ್ಬಕ್ಕೆ ಮೊದಲೇ ಕೋಣೆ ಬಿಟ್ಟರು.

ನಿಮ್ಮ ಅಜ್ಜ ಕೆಟ್ಟವರಲ್ಲ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದೆ. ಆಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದ ನಿಮ್ಮ ಅಪ್ಪನಿಗೆ ಆ ಸುಳ್ಳನ್ನು ಹೇಳಿದವರು ಅವರು, ಸಾಯುವ ತನಕ ಅದನ್ನೇ ಹೇಳಿದರು. ನಾದಿನಿಯ ಮೇಲೆ ಸಿಟ್ಟಿದೆ. ಬಹಳ ಶಾಂತ ಹೆಂಗಸು ಎಂದು ನನ್ನನ್ನು ಹೊಗಳುವವರ ಮೇಲೂ ಸಿಟ್ಟಿದೆ. ಎಂಥ ಶಾಂತಿ ಅದು! ಹೇಡಿತನ.

ಅಕ್ಕೋರು ಡಾಕ್ಟರೇಟ್ ಅರ್ಧಕ್ಕೆ ಬಿಟ್ಟರೆಂದೂ ಲೋಕಾಪುರದಲ್ಲಿ ಮಕ್ಕಳಿಗೆ ಟ್ಯೂಶನ್ ಹೇಳುತ್ತಾರೆಂದೂ ಆಮೇಲೆ ಕೇಳಿದೆ. ನಿಮ್ಮ ಅಜ್ಜ ತೀರಿದ ಮೇಲೆ, ಅವರನ್ನು ಕಾಣಲೆಂದು ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಒಮ್ಮೆ ಬಸ್ಸನ್ನೂ ಹತ್ತಿದೆ, ಹೊರಡುವ ಮೊದಲೇ ಇಳಿದೆ. ಹೋದ ವರ್ಷ ಅಕ್ಕೋರು ತೀರಿಕೊಂಡರಂತೆ. ಇನ್ನು ಯಾರ ಮುಂದೆ ನಿಂತು ತಪ್ಪಾಯಿತು ಎನ್ನಲಿ…

ಈ ಹಾಳೆಗಳು ನಿಮ್ಮಿಬ್ಬರ ಹತ್ತಿರ ಇರಲಿ, ಜೋಪಾನ ಮಾಡಿ. ಅಜ್ಜನ ಹೆಸರಿಗೆ ಕುಂದು ಬರುತ್ತದೆ, ಹರಿದುಹಾಕೋಣ ಎಂದು ನಿಮ್ಮ ಅಪ್ಪ ಕೇಳಬಹುದು. ಕೊಡಬೇಡಿ. ನಾಳೆ ಮನಸ್ಸು ಅಳುಕಿ ನಾನೇ ಬಂದು ಕೇಳಿದರೂ ಕೊಡಬೇಡಿ.