ಸ್ಯಾಕ್ಸೋಫೋನಿನೊಳಗೆ ದೀಪ ಇಳಿಸುವ ಮಜೀದಾ

ಮಾಸ್ಟ್ರು ಏಳಕ್ಕೆ ಬರುತ್ತಾರೆ. ಇವತ್ತೂ ನಾನು ಬಾಯಿ ಬಿಡದೇ ಹೋದರೆ? ತಮ್ಮನ್ನೇ ಕೇಳಿಕೊಳ್ಳುತ್ತ ಮಜೀದಾ ಬೆಳಗಿನ ಐದೂವರೆಗೆ ಶಿವಾಜಿನಗರದ ವಾದ್ಯ ರಿಪೇರಿ ಅಂಗಡಿಯ ಶಟರ್ ಎತ್ತುತ್ತಾರೆ. ಲೈಟು ಹಾಕುವುದಿಲ್ಲ. ತಂತಿಗೆ ಕಟ್ಟಿದ ಪುಟ್ಟ ಬಲ್ಬನ್ನು ಸ್ಯಾಕ್ಸೋಫೋನಿನ ಹೊಟ್ಟೆಯೊಳಗೆ ಇಳಿಸಿ ಒಂದೊಂದೇ ಕೀ ಒತ್ತುತ್ತಾರೆ. ತೂತಿನ ಮೇಲೆ ಕೂರುವ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಗಾಳಿ ಸೋರುತ್ತಿದೆ ಎಂದೇ ಲೆಕ್ಕ.

“ಬಿಸ್ಲು ಬಂದ್ರೆ ಏನೂ ಕಾಣಲ್ಲ. ಅದಕ್ಕೇ ಕತ್ಲಲ್ಲೇ ಬರ್ತೀನಿ.”

ಒಂದು ಸ್ಯಾಕ್ಸೋಫೋನಿಗೆ ಇಂಥ ಮುಚ್ಚಳಗಳಡಿ ಇಪ್ಪತ್ತನಾಲ್ಕು ಪ್ಯಾಡು. ತೆಳು ಮೇಕೆ ತೊಗಲನ್ನು ದುಂಡಗೆ ಕತ್ತರಿಸಿ, ಒಳಗೆ ಉಣ್ಣೆ ಇಟ್ಟು, ಅರಗು ಕಾಯಿಸಿ ಕೂರಿಸಬೇಕು. ಮದುವೆಯ ತಿಂಗಳುಗಳಲ್ಲಿ ದಿನಕ್ಕೆ ಮೂರು ವಾದ್ಯ. ಅಂಗಡಿ ನಡೆಸುತ್ತಿದ್ದ ತಂದೆ ತೀರಿಕೊಂಡಾಗ ಮಜೀದಾಗೆ ಇಪ್ಪತ್ತು. “ಹುಡ್ಗಿ ಕೈಗೆ ಬಾಜಾ ಕೊಡಲ್ಲ ಅಂತ ಬ್ಯಾಂಡಿನೋರೆಲ್ಲ ಹೊರಟ್ಹೋದ್ರು. ಹಲಸೂರಿನ ಮಾಸ್ಟ್ರು ಒಬ್ರೇ ಬಂದ್ರು.”

ಆ ಮಾಸ್ಟ್ರು ಶ್ರೀರಾಮಪ್ಪ. 1978ರಲ್ಲಿ ಅವರ ತಂಡ ಮಾಡಿದ ‘ಈಸ್ಟ್ ಪೆರೇಡ್’ ಎಂಬ ಜಾಝ್-ಫಂಕ್ ರೆಕಾರ್ಡು ಈ ವರ್ಷ, 2004ರಲ್ಲಿ, ಸೀಡಿಯಾಗಿ ಮತ್ತೆ ಬಂದಿದೆ. ಎರಡನೇ ಹಾಡಿನ ಕೊನೆಗೆ ಡ್ರಮ್ಮು, ಬಾಸ್ ಗಿಟಾರು ಸುಮ್ಮನಾಗುತ್ತವೆ. ಆಗ ಮಾಸ್ಟ್ರ ಸ್ಯಾಕ್ಸೋಫೋನಿನಿಂದ ಒಂದೇ ಒಂದು ತಗ್ಗಿನ ಸ್ವರ, ಗೊಗ್ಗರು ದನಿಯಲ್ಲಿ, ನೆಲವೇ ಉಸಿರು ಬಿಟ್ಟಂತೆ ಏಳುತ್ತದೆ. ಕೇಳಿದವರ ಮೈ ಜುಮ್ಮೆನ್ನುತ್ತದೆ.

ಮಜೀದಾ ಮಾತ್ರ ಅದು ಬರುವ ಮೊದಲೇ ಹಾಡು ನಿಲ್ಲಿಸಿಬಿಡುತ್ತಾರೆ. ರೆಕಾರ್ಡಿಂಗಿನ ಹಿಂದಿನ ದಿನ ಮೇಕೆ ತೊಗಲು ಮುಗಿದಿತ್ತು. ಮಾಸ್ಟ್ರ ವಾದ್ಯದ ಕೆಳಗಿನ ದೊಡ್ಡ ಕೀಗೆ ಚಪ್ಪಲಿ ಅಂಗಡಿಯಿಂದ ತಂದ ಒರಟು ತೊಗಲಿನ ತುಂಡು ಹಾಕಿ ಕಳಿಸಿದರು. ಆ ಗೊಗ್ಗರು ದನಿ ಬಂದದ್ದು ಅದರಿಂದಲೇ. ಮರುವಾರ ಸದ್ದಿಲ್ಲದೆ ಬದಲಿಸಿದರು. ನಂಬಿ ಬಂದ ಒಬ್ಬರೇ ಒಬ್ಬರಿಗೆ ಇದನ್ನು ಹೇಳುವುದು ಹೇಗೆ?

ಏಳಕ್ಕೆ ಸರಿಯಾಗಿ ಶ್ರೀರಾಮಪ್ಪ ಸ್ಯಾಕ್ಸೋಫೋನಿನ ಪೆಟ್ಟಿಗೆ ಹಿಡಿದು ಬರುತ್ತಾರೆ. ಈಗ ಎಪ್ಪತ್ತೊಂದು ವರ್ಷ. ಸೀಡಿ ಬಿಡುಗಡೆಗೆಂದು ಭಾನುವಾರ ಕುಕ್ ಟೌನಿನಲ್ಲಿ ಅವರು ನುಡಿಸಬೇಕು.

“ಭಾನುವಾರ ಬರಲ್ಲ ಅಂದ್ಬಿಟ್ಟೆ ಮಜೀದಾ. ಆ ಸ್ವರ ಆಮೇಲೆ ಒಂದಿನಾನೂ ಬರ್ಲಿಲ್ಲ ನಂಗೆ. ಉಸ್ರು ಅವತ್ತೇ ಮುಗ್ದಿತ್ತು. ಇದನ್ನ ಯಾರಿಗಾದ್ರೂ ಕೊಟ್ಬಿಡಮ್ಮ.”

“ಕೂತ್ಕೊಳ್ಳಿ ಮಾಸ್ಟ್ರೇ, ಚಾಯ್ ತರಿಸ್ತೀನಿ.”

“ಚಾಯ್ ಕುಡಿದ್ರೆ ಉಸ್ರು ಬರತ್ತಾ?”

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅವರು ಬಾಗಿಲ ಕಡೆ ತಿರುಗುತ್ತಾರೆ. ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದ ಮಾತು ಮಜೀದಾ ಬಾಯಿಗೆ ಬರುತ್ತದೆ.

“ನಿಮ್ಮ ಉಸ್ರು ಎಲ್ಲೂ ಹೋಗಿಲ್ಲ ಮಾಸ್ಟ್ರೇ. ಅವತ್ತು ಒಳ್ಳೆ ತೊಗಲು ಇರ್ಲಿಲ್ಲ. ನಾನು ಚಪ್ಪಲಿ ತುಂಡು ಹಾಕಿದ್ದೆ.”